ಸೊಪ್ಪಿಗಿಳಿದ ಕಾಲು

"ಕಾಲೆಲ್ಲಿತ್ತು ಹೇಳು. ನೆಲದ ಮೇಲಾ, ಲಾರಿ ಮೇಲಾ? ಬಾಯಲ್ಲೇನು ಅನ್ನ ತುಂಬ್ಕೊಂಡಿದೀಯಾ?"

ಪರಿಹಾರದ ಕಚೇರಿಯ ಅಧಿಕಾರಿ ಸಾರಿನ್ ತಲೆಯೆತ್ತದೆ ಕೇಳಿದ. ಥಾವಿ ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದಳು. ಎದುರಿಗೊಂದು ಕುರ್ಚಿ ಇತ್ತು. ಅದರ ಮೇಲೆ ಅವನ ಹೆಲ್ಮೆಟ್ ಕೂತಿತ್ತು.

"ಎಡಗಾಲು ಟೈರ್ ಮ್ಯಾಲಿತ್ತು ಸಾಹೇಬ್ರೆ. ಬಲಗಾಲು ಎತ್ತಿದ್ದೆ. ಅಷ್ಟ್ರಲ್ಲಿ ಲಾರಿ ಬಿಟ್ಬುಟ್ಟ."

"ಗಾಳೀಲಿರೋ ಕಾಲಿಗೆ ಕಾನೂನಿಲ್ಲ ಕಣಮ್ಮ."

ಪಕ್ಕದ ಮೇಜಿನವನು ಕಿಸಕ್ಕನೆ ನಕ್ಕ.

ಕಾರ್ಖಾನೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಪೆಟ್ಟಾದರೆ ಪರಿಹಾರವುಂಟು, ನಡುವೆ ಸ್ವಂತ ಕೆಲಸಕ್ಕೆ ಇಳಿದರೆ ಇಲ್ಲ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಥಾವಿ ಮೊದಲು ಕೇಳಿದ್ದು ಕಾಲನ್ನಲ್ಲ. "ನನ್ ಸೊಪ್ಪೆಲ್ಲಿ?" ಎಂದಿದ್ದಳು. ಮನೆಯಲ್ಲಿ ಮಗಳು ಅನ್ನಕ್ಕಿಟ್ಟು ಕಾಯುತ್ತಿದ್ದಾಳೆ ಎಂಬುದೊಂದೇ ಆಗ ತಲೆಯಲ್ಲಿತ್ತು. ನರ್ಸ್ ಅದನ್ನೇ ಬರೆದುಕೊಂಡಳು: ಸೊಪ್ಪು ಕೊಳ್ಳಲು ಇಳಿದದ್ದು.

"ನಿಲ್ಸಾದು ಡ್ರೈವರೇ ಸಾಹೇಬ್ರೆ, ದಿನಾ. ಅಲ್ಲಿ ಸೊಪ್ಪು ಮಾರೋಳು ಅವನತ್ತೆ. ಕೊಳ್ದೆ ಹತ್ತಿದ್ರೆ ಮಕ ಗಂಟಾಕ್ಕತಾನೆ."

"ನೀನೇ ಲಾರಿ ತಗಡು ಬಡಿದು ನಿಲ್ಲಿಸ್ದೆ ಅಂತ ಡ್ರೈವರ್ ವುಥೀ ಬರ್ಕೊಟ್ಟಿದಾನೆ. ದಿನಾ ಅವನೇ ನಿಲ್ಲಿಸೋದಾದ್ರೆ ಬೇರೆ ಯಾರಾದ್ರೂ ಇಳೀತಾರಾ? ಕರ್ಕೊಂಡ್ಬಾ. ಶನಿವಾರ ನಾಲ್ಕು ಗಂಟೆಗೆ. ಇಲ್ದಿದ್ರೆ ಸ್ವಂತ ಕೆಲಸ ಅಂತ ಬರೀತೀನಿ, ಹೆಬ್ಬೆಟ್ಟೊತ್ತಿ ಮನೆಗ್ಹೋಗು."

ಅವಳು ತಿರುಗುವಷ್ಟರಲ್ಲಿ ಮತ್ತೆ ಕೂಗಿದ. "ಏಯ್, ದೊಡ್ಡೋರಿಗೆ ಕೈ ಮುಗೀಬೇಕು ಅಂತ ನಿಮ್ಮವ್ವ ಕಲಿಸ್ಲಿಲ್ವಾ?"

ಎರಡು ಕೈ ಜೋಡಿಸಬೇಕಾದರೆ ಊರುಗೋಲು ಬಿಡಬೇಕು. ಬಿಟ್ಟಳು. ಕೋಲು ದಡಾರನೆ ಬಿತ್ತು. ಕೈ ಮುಗಿದಾದ ಮೇಲೆ ಅದನ್ನೆತ್ತಿಕೊಳ್ಳಲು ಅವಳು ನೆಲದಲ್ಲಿ ಕೂತು ತೆವಳಬೇಕಾಯಿತು. ಯಾರೂ ಕುರ್ಚಿ ಬಿಟ್ಟೇಳಲಿಲ್ಲ.

ಕಂಬಗಳ ಮೇಲಿನ ತನ್ನ ಮನೆಗೆ ಥಾವಿ ಈಗ ಹತ್ತಲಾರಳು. ಏಣಿಯ ಬುಡದಲ್ಲಿ, ಕೋಳಿಗಳ ನಡುವೆ, ಬಟ್ಟೆಯ ಜೋಲಿ ಕಟ್ಟಿ ಮಲಗುತ್ತಿದ್ದಳು. ಮಂಪರು ಹತ್ತಿದರೆ ಸಾಕು, ಇಲ್ಲದ ಪಾದ ಹೊಲಿಗೆ ಮೆಷಿನ್ನಿನ ಪೆಡಲು ಹುಡುಕುತ್ತಿತ್ತು. ಒತ್ತಿದಂತಾಗಿ ಎಚ್ಚರವಾಗುತ್ತಿತ್ತು. ಪರಿಹಾರ ಬಂದರೆ ಮರದ ಕಾಲು, ಕಾಲು ಬಂದರೆ ಮತ್ತೆ ಮೆಷಿನ್ನು. ಬರದಿದ್ದರೆ ಮಗಳು ಶಾಲೆ ಬಿಟ್ಟು ಅದೇ ಲಾರಿ ಹತ್ತಬೇಕು.

ನಿಮೊಲ್ ಗಂಜಿ ತಂದಳು. ಲಾರಿಯಲ್ಲಿ ಥಾವಿಯ ಪಕ್ಕ ನಿಲ್ಲುವವಳು ಅವಳು. ಕೂರುವುದಕ್ಕೆ ಜಾಗವೆಲ್ಲಿ? ದನ ತುಂಬಿದ ಹಾಗೆ ತುಂಬುತ್ತಿದ್ದರು. ತಿರುವಿನಲ್ಲಿ ಬೀಳದಂತೆ ಇಬ್ಬರೂ ಒಂದೇ ವಸ್ತ್ರದಲ್ಲಿ ಸೊಂಟ ಬಿಗಿದುಕೊಳ್ಳುತ್ತಿದ್ದರು. ಈಗ ನಿಮೊಲ್ ಗಂಜಿಯ ಬಟ್ಟಲನ್ನೇ ನೋಡುತ್ತ ಕೂತಳು.

"ಸೂಪರ್‌ವೈಸರ್ ಮುಂಡೇಮಗ ಏನಂದ ಗೊತ್ತಾ ಅಕ್ಕ? ಸಾಕ್ಷಿ ಹೇಳಕ್ಕೋಗೋರು ಹಂಗೇ ಮನೇಗೋಗ್ಲಿ ಅಂದ. ನಂಗೆರಡು ಮಕ್ಳು..."

"ನಿನ್ನನ್ನ ಕರೆದ್ನಾ ನಾನು? ಹೋಗ್ಬ್ಯಾಡ ಬಿಡು."

ಬಾ ಎನ್ನಬೇಕೆಂದಿತ್ತು. ತಾನು ಅವಳ ಜಾಗದಲ್ಲಿದ್ದರೆ ಹೋಗುತ್ತಿದ್ದೆನೆ? ಇಲ್ಲ. ಹೀಗೇ ಗಂಜಿ ತಂದು, ಹೀಗೇ ಬಟ್ಟಲು ನೋಡುತ್ತಿದ್ದೆ. ಅದು ಗೊತ್ತಿದ್ದದ್ದೇ ಕತ್ತರಿಸಿದ ಕಾಲಿಗಿಂತ ಹೆಚ್ಚು ನೋಯಿತು.

ಹೊರಟ ನಿಮೊಲ್ ಏಣಿ ಹಿಡಿದು ನಿಂತಳು. "ಶನಿವಾರ ಎಷ್ಟೊತ್ಗೆ?"

"ನಾಕ್ ಗಂಟೆಗೆ. ಯಾಕೆ?"

"ಸುಮ್ಕೆ ಕೇಳ್ದೆ."

ಶನಿವಾರ ಸಾರಿನ್ ಕೆಂಪು ಶಾಯಿಯ ಡಬ್ಬಿ ಮುಂದೆ ತಳ್ಳಿದ.

"ಯಾರೂ ಬರ್ಲಿಲ್ವಾ? ನಂಗೊತ್ತಿತ್ತು. ಸೊಪ್ಪಿನಾಸೆಗೆ ಕಾಲು ಕಳ್ಕೊಂಡು ಇಲ್ಲಿ ಬಂದು ನಾಟಕ ಆಡ್ತೀರ. ಒತ್ತು."

ಥಾವಿ ಹೆಬ್ಬೆರಳನ್ನು ನೋಡಿಕೊಂಡಳು. ಗಡಿಯಾರದ ಮುಳ್ಳು ನಾಲ್ಕು ದಾಟಿತ್ತು. ಶನಿವಾರ ಕಾರ್ಖಾನೆ ಬೇಗ ಬಿಡುತ್ತದೆ. ಲಾರಿ ಇಷ್ಟು ಹೊತ್ತಿಗೆ ಸೊಪ್ಪಿನ ಸಂತೆ ದಾಟಿ ಈ ಬೀದಿಯ ಹತ್ತಿರ ಬಂದಿರಬೇಕು. ಮಗಳ ಶಾಲೆಯ ಬಿಳಿ ಅಂಗಿ ಕಣ್ಮುಂದೆ ಬಂತು.

"ಒತ್ತೇ, ಕುಂಟಿ! ನಂಗೂ ಮನೆ ಇದೆ."

ಹೆಬ್ಬೆರಳು ಶಾಯಿಯ ಮೇಲಿತ್ತು. ಹೊರಗೆ ತಗಡು ಬಡಿದ ಸದ್ದು. ಒಂದಲ್ಲ, ಹತ್ತಾರು ಕೈ ಒಟ್ಟಿಗೇ. ಬ್ರೇಕು ಕಿರುಚಿತು. ವುಥೀ ಯಾರ ಅವ್ವನನ್ನೋ ಎತ್ತಿ ಬೈಯುತ್ತಿದ್ದ.

ಬಾಗಿಲಲ್ಲಿ ನಿಮೊಲ್. ತಲೆಗೆ ಕಟ್ಟಿದ ಬಟ್ಟೆ, ಮೈಮೇಲೆಲ್ಲ ನೂಲಿನ ಚೂರು, ಕೈಯಲ್ಲಿ ಸಂತೆಯಲ್ಲಿ ಈಗಷ್ಟೇ ಕೊಂಡ, ನೀರು ಸೋರುವ ಕೆರೆಸೊಪ್ಪಿನ ಕಟ್ಟು. ಸೊಪ್ಪನ್ನು ಫೈಲಿನ ಮೇಲೆ ಇಟ್ಟಳು.

"ನಿಮೊಲ್ ಅಂತ. ನಾನೂ ಇಳೀತೀನಿ, ದಿನಾ. ಬರ್ಕೊ."

"ಏಯ್! ಏನಿದು, ಮೇಜ್ ಮೇಲೆ..."

ಅವಳ ಹಿಂದೆ ಇನ್ನೊಬ್ಬಳು. ಬಸುರಿ. ತನ್ನ ಕಟ್ಟನ್ನು ಅದರ ಮೇಲಿಟ್ಟಳು. "ನಾನೂ ಇಳೀತೀನಿ. ಬರ್ಕೊಳಯ್ಯ." ಮತ್ತೊಬ್ಬಳು. ಮತ್ತೂ ಒಬ್ಬಳು, "ಅವನತ್ತೆ ತೂಕದಲ್ಲೂ ಮೋಸ ಮಾಡ್ತಾಳೆ, ಅದ್ನೂ ಬರ್ಕೊ!" ಯಾರೋ ನಕ್ಕರು. ಸಾಲು ಬಾಗಿಲು ದಾಟಿ ಬೀದಿಗೆ ಬೆಳೆದಿತ್ತು. ಹೆಲ್ಮೆಟ್ಟಿನ ಕುರ್ಚಿಯ ಮೇಲೂ ಸೊಪ್ಪು ಬಿತ್ತು.

"ಪೊಲೀಸ್ ಕರೀತೀನಿ!"

"ಕರಿ. ಅವ್ರೂ ಸೊಪ್ಪು ತಿನ್ನಲ್ವಾ?"

ಸೊಪ್ಪಿನ ನೀರು ಮೇಜಿನ ಮೇಲೆ ಹರಿದು ಸ್ವಂತ ಕೆಲಸ ಎಂಬ ಅಕ್ಷರಗಳನ್ನು ಕದಡಿತು. ಸಾರಿನ್ ಕಾಗದ ಎಳೆದುಕೊಳ್ಳಲು ಹೋದ. ಅದು ಅವನ ಕೈಯಲ್ಲೇ ಹರಿಯಿತು.

ಥಾವಿ ಕೆಂಪಾದ ಹೆಬ್ಬೆರಳನ್ನು ತನ್ನ ಲಂಗಕ್ಕೆ ಒರೆಸಿಕೊಂಡಳು. ಹೆಲ್ಮೆಟ್ಟನ್ನು ಕೆಳಗಿಟ್ಟು ಆ ಕುರ್ಚಿಯಲ್ಲಿ ಕೂತಳು. ಕೈ ಮುಗಿಯಲಿಲ್ಲ.

"ಮೊದ್ಲು ನಿಮೊಲ್ ಹೆಸ್ರು ಬರಿ," ಎಂದಳು.

ಹೊರಗೆ ವುಥೀ ಹಾರ್ನ್ ಒತ್ತುತ್ತಲೇ ಇದ್ದ. ಯಾರೂ ಲಾರಿ ಹತ್ತಲು ಹೋಗಲಿಲ್ಲ.