ಮೀನಿನ ತೊಟ್ಟಿಯ ಸ್ವಿಚ್ಚು

ಪುಟ್ಟನಿಗೆ ನಲವತ್ತು ದಾಟಿತ್ತು, ಗಡ್ಡದಲ್ಲಿ ಬಿಳಿ ಕೂದಲು ಇಣುಕುತ್ತಿತ್ತು. ಆದರೂ ಅಕ್ಕನ ಮನೆಯಲ್ಲಿ ಅವನು ಪುಟ್ಟನೇ. ನಾಲ್ಕು ದಿನ ಇದ್ದು ಹೋಗುತ್ತೇನೆ ಅಂತ ಒಂದು ಚೀಲ ಹಿಡಿದು ಬಂದವನು, ಹಿಂದಿನ ಸಣ್ಣ ಕೋಣೆಯಲ್ಲಿ ಹಾಗೇ ಉಳಿದುಬಿಟ್ಟಿದ್ದ. ಯಾರೂ ಹೋಗು ಅನ್ನಲಿಲ್ಲ. ಇರು ಅಂತ ಹೇಳಬೇಕಾಗಿಯೂ ಬರಲಿಲ್ಲ.

ಲಾಂಡ್ರಿ ಕಾರ್ಖಾನೆಯ ಕೆಲಸ ಬಿಟ್ಟು ಬಂದ ಎನ್ನುವುದು ಮನೆಯವರು ನೆಂಟರಿಗೆ ಹೇಳುತ್ತಿದ್ದ ಮಾತು. ನಿಜಕ್ಕೂ ಬಿಡಿಸಿದ್ದರು. ಆಸ್ಪತ್ರೆ, ಹೋಟೆಲುಗಳ ಹಾಸು ಹೊದಿಕೆಗಳನ್ನು ಒಗೆದು ಇಸ್ತ್ರಿ ಮಾಡುವ ಆ ಕಾರ್ಖಾನೆಯಲ್ಲಿ ಅವನು ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಒಂದು ದಿನ ಫಿಟ್ಟರ್ ಇಸ್ತ್ರಿ ಯಂತ್ರ ಬಿಚ್ಚಿಕೊಂಡು ರಿಪೇರಿಗೆ ಕೂತಿದ್ದಾಗ, ಮುಚ್ಚಿರಬೇಕಾಗಿದ್ದ ಹಬೆಯ ವಾಲ್ವು ತೆರೆದಿತ್ತು. ಫಿಟ್ಟರನ ಬಲಗೈ ಮೊಣಕೈವರೆಗೆ ಬೆಂದುಹೋಯಿತು. ವಾಲ್ವು ಮುಚ್ಚುವುದು ಪುಟ್ಟನ ಕೆಲಸ. ಮುಚ್ಚಿದ್ದೆ ಎಂದೇ ಅವನು ಮೊದಲು ಹೇಳಿದ. ಸೂಪರ್‌ವೈಸರ್ ಕೇಳಿದ, ಮ್ಯಾನೇಜರ್ ಕೇಳಿದ, ಮತ್ತೆ ಸೂಪರ್‌ವೈಸರ್ ಬಂದು ಅದನ್ನೇ ಕೇಳಿದ. ಕೊನೆಗೆ ಪುಟ್ಟ, "ಮರೆತಿರಬೇಕು ಸಾರ್" ಅಂದುಬಿಟ್ಟ. ಅಲ್ಲಿಗೆ ವಿಚಾರಣೆ ಮುಗಿಯಿತು. ಫಿಟ್ಟರನ ಮನೆ ಕಡೆ ಅವನು ಮತ್ತೆ ತಲೆ ಹಾಕಲಿಲ್ಲ. ಯಾವ ಮುಖ ಹೊತ್ತು ಹೋಗುವುದು?

ಭಾವ ರಾತ್ರಿ ಬಸ್ಸಿನ ಡ್ರೈವರ್. ಕೆಟ್ಟವನಲ್ಲ, ಮಾತು ಕಡಿಮೆ. ಪುಟ್ಟನಿಗೆ ಪೈಪು ನಲ್ಲಿ ಮಾರುವ ಅಂಗಡಿಯಲ್ಲಿ ಅರ್ಧ ದಿನದ ಕೆಲಸ ಹುಡುಕಿಕೊಟ್ಟವನು ಅವನೇ. ಅಕ್ಕ ಸಮವಸ್ತ್ರ ಹೊಲಿಯುವ ಅಂಗಡಿಗೆ ಹೋಗುತ್ತಿದ್ದಳು, ಅವಳ ಮಗಳು ಕಾಲೇಜಿಗೆ.

ಮೀನಿನ ವಿಷಯ ಮನೆಗೆ ತಂದದ್ದು ಆ ಮಗಳು. ಕಾಲೇಜಿನ ಪ್ರದರ್ಶನಕ್ಕೆ ಅಂತ ಹಿತ್ತಲಿನ ತಗಡಿನ ಮಾಡಿನ ಕೆಳಗೆ ಒಂದು ಹಳೆಯ ನೀರಿನ ಟ್ಯಾಂಕ್ ಇಟ್ಟು, ಮೇಲೆ ಜಲ್ಲಿಕಲ್ಲು ತುಂಬಿ ಗಿಡ ನೆಟ್ಟ ಟಬ್ ಕೂರಿಸಿ, ಪಂಪಿನಿಂದ ನೀರು ಮೇಲೆ ಹತ್ತಿ ಕೆಳಗೆ ಸುರಿಯುವ ಹಾಗೆ ಮಾಡಿದ್ದಳು. ಅಂಕ ಬಂತು, ಆಸಕ್ತಿ ಹೋಯಿತು. ಟ್ಯಾಂಕಿನಲ್ಲಿ ಸೊಳ್ಳೆ ಮರಿ ಹಾಕತೊಡಗಿದಾಗ ಅಕ್ಕ, "ಇದನ್ನ ಎತ್ತಿ ಬಿಸಾಕ್ತೀಯೋ ಇಲ್ಲ ನಾನೇ ಬಿಸಾಕ್ಲೋ?" ಅಂತ ರೇಗಿದಳು.

"ಬಿಸಾಕೋದ್ಯಾಕೆ, ಇರಲಿ ಬಿಡು," ಅಂದ ಪುಟ್ಟ. "ಇದು ಹೇಗೆ ನಡೆಯುತ್ತೆ ಅಂತ ಸ್ವಲ್ಪ ಹೇಳೇ."

ಹುಡುಗಿ ಹೇಳಿದಳು. ಮೀನು ಗಲೀಜು ಮಾಡುತ್ತೆ ಮಾಮ, ಅದು ನೀರಲ್ಲೇ ಉಳಿದರೆ ಮೀನಿಗೆ ವಿಷ. ಪಂಪು ಆ ನೀರನ್ನ ಕಲ್ಲಿನ ಟಬ್ಬಿಗೆ ಒಯ್ಯುತ್ತೆ. ಕಲ್ಲಿಗೆ ಅಂಟಿಕೊಂಡಿರೋ ಸೂಕ್ಷ್ಮಜೀವಿಗಳು ಗಲೀಜನ್ನ ಗೊಬ್ಬರ ಮಾಡ್ತವೆ, ಗಿಡ ಅದನ್ನ ಕುಡಿಯುತ್ತೆ, ನೀರು ಚೊಕ್ಕಟವಾಗಿ ವಾಪಸು ಬರುತ್ತೆ. "ಗಿಡಕ್ಕೆ ಮೀನು, ಮೀನಿಗೆ ಗಿಡ, ಇಬ್ಬರಿಗೂ ಪಂಪು. ಪಂಪು ನಿಂತರೆ ಎಲ್ಲರ ಕಥೆ ಮುಗೀತು."

ಬಾಯ್ಲರ್ ಮುಂದೆ ವರ್ಷಗಟ್ಟಲೆ ಕೂತವನಿಗೆ ಇದು ಅರ್ಥವಾಗದ ವಿದ್ಯೆಯೇನಲ್ಲ. ಅಂಗಡಿಯಲ್ಲಿ ಬಿದ್ದಿದ್ದ ತುಂಡು ಪೈಪುಗಳನ್ನು ಮಾಲೀಕನನ್ನು ಕೇಳಿ ತಂದ. ನೀಲಿ ಡ್ರಮ್ಮುಗಳನ್ನು ಉದ್ದಕ್ಕೆ ಸೀಳಿ ತೊಟ್ಟಿಲುಗಳ ಹಾಗೆ ಸಾಲಾಗಿ ಇಟ್ಟ. ಜಲ್ಲಿಯನ್ನು ಕೈಯಲ್ಲೇ ತೊಳೆದು ತುಂಬಿದ. ಮೀನು ಬಿಡುವ ಮೊದಲು ನೀರು ಹದಕ್ಕೆ ಬರಬೇಕು, ಆತುರಪಟ್ಟರೆ ಕೆಟ್ಟಿತು ಅಂತ ವಾರಗಟ್ಟಲೆ ಖಾಲಿ ನೀರನ್ನೇ ತಿರುಗಿಸುತ್ತ ಕೂತ. "ಏನೋ ಪುಟ್ಟ, ನೀರಿಗೆ ನೀರೇ ಹಾಕಿ ಕಾಯ್ತಿದ್ದೀಯಲ್ಲೋ, ಮೊಟ್ಟೆ ಇಡುತ್ತಾ ಅದು?" ಅಂತ ಅಕ್ಕ ನಗುತ್ತಿದ್ದಳು. ಅವನೂ ನಗುತ್ತಿದ್ದ. ತಮ್ಮನ ನಗು ಕಂಡು ಅವಳಿಗೆ ಎದೆಯ ಭಾರ ಒಂದಿಷ್ಟು ಇಳಿದಂತಾಗುತ್ತಿತ್ತು.

ತಿಲಾಪಿಯ ಮೀನಿನ ಮರಿಗಳು ಬಂದವು. ಬೆರಳಿನಷ್ಟಿದ್ದವು ಅಂಗೈಯಷ್ಟಾದವು. ಡ್ರಮ್ಮುಗಳಲ್ಲಿ ಪಾಲಕ್, ಪುದಿನ ಸೊಕ್ಕಿ ಬೆಳೆದವು, ಟೊಮ್ಯಾಟೊ ಬಳ್ಳಿಗೆ ದಾರ ಕಟ್ಟುವಷ್ಟಾಯಿತು. ಹಿತ್ತಲಲ್ಲಿ ಕರೆಂಟಿನ ವ್ಯವಸ್ಥೆ ಇರಲಿಲ್ಲ. ಹಾಗಾಗಿ ಭಾವನ ಮಲಗುವ ಕೋಣೆಯ ಪ್ಲಗ್ಗಿನಿಂದ ಕಿಟಕಿ ಮೂಲಕ ತಂತಿ ಎಳೆದಿದ್ದರು; ನೀರೆತ್ತುವ ಪಂಪು, ಗಾಳಿ ಊದುವ ಪಂಪು ಎರಡಕ್ಕೂ ಮಂಚದ ತಲೆಯ ಹತ್ತಿರದ ಅದೊಂದೇ ಸ್ವಿಚ್ಚು. ದಿನಾ ಬೆಳಿಗ್ಗೆ ಪುಟ್ಟ ಅದನ್ನು ಆರಿಸಿ, ಪಂಪಿನ ಜಾಲರಿ ತೊಳೆದು, ಮತ್ತೆ ಹಾಕಿ ಅಂಗಡಿಗೆ ಹೋಗುತ್ತಿದ್ದ.

ಬೇಸಿಗೆ ಬಲಿತಂತೆ ಒಂದು ಚಿಂತೆ ಹತ್ತಿತು. ಮಧ್ಯಾಹ್ನ ಅವನು ಮನೆಗೆ ಬರುವ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದವು. ಪಂಪು ನೋಡಿದರೆ ಓಡುತ್ತಲೇ ಇದೆ.

"ಯಾಕೋ ಉಸಿರು ಸಾಲ್ತಿಲ್ಲ ಅವಕ್ಕೆ," ಅಂದ ಒಂದು ಸಂಜೆ ಊಟಕ್ಕೆ ಕೂತಾಗ.

"ಸೆಕೆ ಅಲ್ವಾ, ನಮಗೇ ಸಾಲ್ತಿಲ್ಲ," ಅಂದಳು ಅಕ್ಕ. ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ.

ಆಮೇಲೆ ಆ ದಿನ ಬಂತು. ಪುಟ್ಟ ಹಿತ್ತಲ ಬಾಗಿಲು ತೆರೆದಾಗ ನೀರು ಬೀಳುವ ಸದ್ದಿರಲಿಲ್ಲ. ತೊಟ್ಟಿಯ ತುಂಬ ಬಿಳಿ ಹೊಟ್ಟೆಗಳು. ಒಂದರ ಪಕ್ಕ ಒಂದು, ಜಾಗವಿಲ್ಲದಷ್ಟು ಒತ್ತಾಗಿ ತೇಲುತ್ತಿದ್ದವು. ಮೂಲೆಯಲ್ಲಿ ಕೆಲವು ಸಣ್ಣವು ಮಾತ್ರ ಇನ್ನೂ ಬಾಯಿ ಆಡಿಸುತ್ತಿದ್ದವು. ಕೋಣೆಗೆ ಓಡಿದ. ಮಂಚ ಖಾಲಿ, ಭಾವನಿಗೆ ಅವತ್ತು ಬೇಗ ಡ್ಯೂಟಿ ಬಿದ್ದಿತ್ತು. ಸ್ವಿಚ್ಚು ಆರಿತ್ತು.

ಅಕ್ಕ ಕೆಲಸದಿಂದ ಬಂದಾಗ ಅವನು ಸತ್ತ ಮೀನುಗಳನ್ನು ಬಕೆಟ್ಟಿಗೆ ತುಂಬುತ್ತಿದ್ದ. ಮೂರು ಬಕೆಟ್ಟು ತುಂಬಿದ್ದವು. ಅವಳ ಬಾಯಿಗೆ ಬಂದದ್ದು ಬಂದೇಬಿಟ್ಟಿತು.

"ಮತ್ತೆ ಮರೆತ್ಯೇನೋ?"

ಅಷ್ಟೇ ಅವಳು ಅಂದದ್ದು. ಆ 'ಮತ್ತೆ' ಅನ್ನುವ ಮಾತು ಬಾಯಿಂದ ಹೊರಟ ಮೇಲೆ ವಾಪಸು ನುಂಗಲು ಬರುವಂತಿರಲಿಲ್ಲ. ಪುಟ್ಟ ಬಕೆಟ್ಟು ಕೆಳಗಿಟ್ಟ. "ಹಾಕಿ ಹೋಗಿದ್ದೆ ಅಕ್ಕ," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಹಾಕಿದ್ದೆ ಅನ್ಸುತ್ತೆ," ಅಂದ. ಕತ್ತಲಾಗುವ ಹೊತ್ತಿಗೆ, "ನಾನೇ ಮರೆತಿರಬೇಕು," ಅಂದ.

ಮರುದಿನ ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದ ಭಾವನಿಗೆ ಅಕ್ಕ ಬಾಗಿಲಲ್ಲೇ ಹೇಳಿದಳು: "ಮೀನೆಲ್ಲ ಸತ್ತುಹೋದವು ರೀ. ಸ್ವಿಚ್ ಹಾಕೋದು ಮರೆತು ಹೋಗಿದ್ದಾನೆ. ನೀವೇನೂ ಅನ್ನೋಕೆ ಹೋಗ್ಬೇಡಿ, ಮೊದಲೇ ನೊಂದಿದ್ದಾನೆ."

ಭಾವ ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ. "ಹೌದಾ," ಅಂದ. ಒಳಗೆ ಹೋಗಿ ಮಲಗಿದ.

ಆಮೇಲೆ ಪುಟ್ಟ ಕುಗ್ಗತೊಡಗಿದ. ಗ್ಯಾಸು ಹಚ್ಚುವುದನ್ನು ಬಿಟ್ಟ. ಬೀಗ ಹಾಕಿ ಬೀದಿಗಿಳಿದವನು ವಾಪಸು ಬಂದು ಬಾಗಿಲು ಎಳೆದು ನೋಡುತ್ತಿದ್ದ. ಅಂಗಡಿಯಲ್ಲಿ ಗಿರಾಕಿ ಕೇಳಿದ ಅಳತೆಯ ಪೈಪೇ ಕೊಟ್ಟೆನೋ ಇಲ್ಲವೋ ಅಂತ ಅನುಮಾನ ಹತ್ತಿ, ಒಂದು ದಿನ ಗಿರಾಕಿಯ ಹಿಂದೆ ರಸ್ತೆಯವರೆಗೆ ಓಡಿದನಂತೆ. ವಾರ ಕಳೆಯುವುದರೊಳಗೆ ಕೆಲಸವನ್ನೇ ಬಿಟ್ಟುಬಂದ. "ನನ್ನಿಂದ ಇನ್ಯಾರಿಗೆ ಏನಾಗುತ್ತೋ, ಬೇಡ ಅಕ್ಕ," ಅಂದ. ಉಳಿದ ಸಣ್ಣ ಮೀನುಗಳನ್ನು ಹುಡುಗಿಯೇ ನೋಡಿಕೊಂಡಳು. ಸಾಕಷ್ಟು ಮೀನಿಲ್ಲದೆ ಡ್ರಮ್ಮುಗಳಲ್ಲಿ ಎಲೆ ಹಳದಿಯಾಗತೊಡಗಿತು.

ಭಾನುವಾರ ಅಕ್ಕ ಬಟ್ಟೆ ಮಡಚುತ್ತಿದ್ದಾಗ ಭಾವ ಎದುರಿಗೆ ಬಂದು ಕೂತ. ಒಂದು ಅಂಗಿ ಎತ್ತಿಕೊಂಡು ತಾನೂ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಆ ಪಂಪಿನ ಸದ್ದಿಗೆ ನನಗೆ ನಿದ್ದೆ ಬರ್ತಿರಲಿಲ್ಲ ಕಣೇ," ಅಂದ. "ಗೋಡೆಯೊಳಗೆ ಜೀರುಂಡೆ ಕೂತ ಹಾಗೆ ಗುಂಯ್ ಅಂತಿತ್ತು. ಅವನು ಆಚೆ ಹೋದ ಮೇಲೆ ಆರಿಸ್ತಿದ್ದೆ. ಎದ್ದ ಮೇಲೆ ಹಾಕ್ತಿದ್ದೆ."

ಅಕ್ಕನ ಕೈ ನಿಂತಿತು.

"ಮೀನು ಸಣ್ಣವಿದ್ದಾಗ ಏನೂ ಆಗಿರಲಿಲ್ಲ. ಅವತ್ತು ಫೋನ್ ಬಂತು, ಬೇಗ ಬಾ ಅಂದ್ರು. ಎದ್ದವನು ಹಾಗೇ ಓಡಿದೆ."

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಲ್ಲ!"

"ಮರುದಿನ ನಾನು ಬರೋದ್ರೊಳಗೆ ನೀವಿಬ್ರೂ ತೀರ್ಮಾನ ಮಾಡಿಬಿಟ್ಟಿದ್ರಿ. ಅವನೇ ಒಪ್ಕೊಂಡಿದ್ದ. ಮೀನು ತಾನೇ, ಎರಡು ದಿನಕ್ಕೆ ಮರೀತಾನೆ ಅಂದ್ಕೊಂಡೆ." ಅವನ ದನಿ ಬಿತ್ತು. "ರಾತ್ರಿ ಪೂರ್ತಿ ಅಷ್ಟು ಜನರ ಜೀವ ನನ್ನ ಕೈಯಲ್ಲಿರುತ್ತೆ. ನಾನೇ ಮರೆಯೋನು ಅಂದ್ರೆ ಹೇಗೆ ಹೇಳು?"

ಅಕ್ಕನಿಗೆ ಗಂಡನನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಆದರೆ 'ಮತ್ತೆ' ಅಂದ ನಾಲಿಗೆ ತನ್ನದೇ. ಬಟ್ಟೆಯನ್ನು ಪಕ್ಕಕ್ಕೆ ತಳ್ಳಿ, "ನನಗೆ ಹೇಳಿ ಏನು ಪ್ರಯೋಜನ? ಹೋಗಿ ಅವನಿಗೆ ಹೇಳಿ," ಅಂದಳು.

ಪುಟ್ಟ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಭಾವ ಬಾಗಿಲ ಚೌಕಟ್ಟು ಹಿಡಿದು ನಿಂತೇ ಎಲ್ಲ ಹೇಳಿದ. ಹೇಳಿ, "ತಪ್ಪಾಯ್ತು ಪುಟ್ಟ," ಅಂದ. ಬೈಯುತ್ತಾನೆ, ಇಲ್ಲ ಅಳುತ್ತಾನೆ ಅಂತ ಅಕ್ಕ ಹಿಂದೆ ನಿಂತು ಕಾಯುತ್ತಿದ್ದಳು. ಪುಟ್ಟ ಎದ್ದು ಕೂತ. ಅವನ ಮುಖದಲ್ಲಿ ಸಮಾಧಾನ ಕಾಣಲಿಲ್ಲ, ಹೆದರಿಕೆ ಕಂಡಿತು.

"ಭಾವ, ಆರಿಸಿದ್ದು ನೀವಾದ್ರೆ, ನಾನು ಹಾಕದೇ ಹೋದದ್ದು ನನಗ್ಯಾಕೆ ನೆನಪಿದೆ?"

"ಏನು?"

"ನೆನಪಿದೆ ನನಗೆ. ಜಾಲರಿ ತೊಳೆದೆ, ಕೈ ಒರೆಸಿಕೊಂಡೆ, ಕೋಣೆಗೆ ಬರದೆ ಹಾಗೇ ಚಪ್ಪಲಿ ಮೆಟ್ಟಿಕೊಂಡು ಹೋದೆ. ಕಣ್ಣಿಗೆ ಕಟ್ಟಿದ ಹಾಗಿದೆ. ಅದು ಎಲ್ಲಿಂದ ಬಂತು ಹಾಗಾದ್ರೆ?"

ಭಾವ ಅಕ್ಕನ ಮುಖ ನೋಡಿದ. "ಇಲ್ಲ ಪುಟ್ಟ, ಬಂದಿದ್ದೆ ನೀನು. ಹಾಕಿ, 'ಮಲಗಿ ಭಾವ' ಅಂದು ಹೋದೆ. ನಾನು ಆಮೇಲೆ ಆರಿಸಿದ್ದು."

ಪುಟ್ಟ ತನ್ನ ಕೈಯನ್ನೇ ನೋಡುತ್ತ ಕೂತ. ಮೀನಿನ ಮಾತು ಅವನ ತಲೆಯಿಂದ ಹೋಗಿ, ಕಾರ್ಖಾನೆಯ ಆ ವಾಲ್ವು ಬಂದು ಕೂತಿತ್ತು. ಎದ್ದು, ಅಂಗಿ ಹಾಕಿಕೊಂಡು, ಎಲ್ಲಿಗೆ ಅಂತಲೂ ಹೇಳದೆ ಹೊರಟ. "ನಾನೂ ಬರ್ತೀನಿ ಕಣೋ," ಅಂತ ಅಕ್ಕ ಗೇಟಿನವರೆಗೆ ಬಂದಳು. ಅವನು ಬೇಡ ಅಂತ ಕೈ ಮಾಡಿದ.

ಫಿಟ್ಟರನ ಮನೆ ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರ. ಬಾಗಿಲು ತೆರೆದವನು ಫಿಟ್ಟರನೇ. ಬಲಗೈಯ ಚರ್ಮ ನೀರಲ್ಲಿ ನೆನೆದು ಒಣಗಿದ ಕಾಗದದಂತೆ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಪುಟ್ಟನನ್ನು ಕಂಡು ಅವನು ಬಾ ಅನ್ನಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ಬರಿಗೈಯಲ್ಲಿ ಬಂದುಬಿಟ್ಟೆ," ಅಂದ ಪುಟ್ಟ.

"ನನ್ನ ಕೈ ನೋಡೋಕೆ ಬಂದೆಯೋ, ನಿನ್ನ ಕೈ ತೋರಿಸೋಕೆ ಬಂದೆಯೋ?"

"ಒಂದು ಮಾತು ಕೇಳೋಕೆ ಬಂದೆ. ಅವತ್ತು ವಾಲ್ವು ನಾನು ಮುಚ್ಚದೇ ಹೋದದ್ದನ್ನ ನೀನು ನೋಡಿದ್ಯಾ?"

ಫಿಟ್ಟರ್ ಅವನನ್ನು ದಿಟ್ಟಿಸಿ ನೋಡಿದ. "ನಾನೆಲ್ಲಿ ನೋಡ್ಲಿ? ಯಂತ್ರದೊಳಗೆ ತಲೆ ತೂರಿಸ್ಕೊಂಡಿದ್ದೆ. ಸೂಪರ್‌ವೈಸರ್ ಅಂದ, ಅವನು ಮರೆತ ಅಂತ. ನೀನೂ ಹೌದು ಅಂದ್ಯಂತಲ್ಲ. ಮತ್ತೆ ನಂಬದೆ ಏನು ಮಾಡ್ಲಿ?"

"ನೀನು ನೋಡಿರಬೇಕು ಅಂದ್ಕೊಂಡೇ ನಾನು ಹೌದು ಅಂದದ್ದು."

ಬೀದಿಯಲ್ಲಿ ಯಾರೋ ಸ್ಕೂಟರ್ ಒದ್ದು ಒದ್ದು ಸ್ಟಾರ್ಟ್ ಆಗದೆ ತಳ್ಳಿಕೊಂಡು ಹೋದರು.

"ಬೇರೆ ಯಾರಾದ್ರೂ ಆಮೇಲೆ ತಿರುವಿರಬಹುದಾ?" ಅಂದ ಪುಟ್ಟ. "ಬಟ್ಟೆ ಬೇಗ ಬೇಕು ಅಂತ ಅವತ್ತು ಎಲ್ಲರೂ ಕೂಗಾಡ್ತಿದ್ರು."

"ತಿರುವಿರಬಹುದು. ಇಲ್ಲದೇನೂ ಇರಬಹುದು. ಈಗ ಯಾರನ್ನ ಕೇಳ್ತೀಯ?" ಫಿಟ್ಟರನ ದನಿ ಒರಟಾಯಿತು. "ಈ ಕೈ ಉರಿದಾಗಲೆಲ್ಲ ನಿನ್ನನ್ನ ಬೈಕೊಂಡು ಮಲಗಿದ್ದೀನಿ ಮಾರಾಯ. ಅದೊಂದು ಆಸರೆ ಆಗಿತ್ತು. ಇವತ್ತು ಬಂದು ನೀನಲ್ಲದೇ ಇರಬಹುದು ಅಂತೀಯ. ಇನ್ಮೇಲೆ ನಾನು ಯಾರನ್ನ ಬೈಲಿ?"

ಪುಟ್ಟನಿಗೆ ನಗು ಬಂದಂತಾಯಿತು, ಬರಲಿಲ್ಲ. "ನನ್ನನ್ನೇ ಬೈ," ಅಂದ. "ನಾನಲ್ಲ ಅಂತ ನಾನೂ ಆಣೆ ಮಾಡಲಾರೆ."

"ಹೋಗಲಿ, ನೀರಾದ್ರೂ ಕುಡಿ," ಅಂದ ಫಿಟ್ಟರ್, ಎಡಗೈ ಊರಿ ಏಳುತ್ತ.

ಸಂಜೆ ಪುಟ್ಟ ಮನೆಗೆ ಬಂದಾಗ ಭಾವ ಹಿತ್ತಲಲ್ಲಿ ಏಣಿ ಹತ್ತಿ, ಅಡುಗೆಮನೆ ಕಡೆಯಿಂದ ಬೇರೆ ತಂತಿ ಎಳೆಯುತ್ತಿದ್ದ. ಪುಟ್ಟ ಕೆಳಗೆ ನಿಂತು ಏಣಿ ಹಿಡಿದುಕೊಂಡ. ಸ್ಕ್ರೂಡ್ರೈವರ್ ಕೊಡು, ಟೇಪು ಕೊಡು ಅನ್ನುವುದರ ಹೊರತು ಬೇರೆ ಮಾತಾಗಲಿಲ್ಲ. ಆಮೇಲೆ ಅವರ ನಡುವೆ ಮಾತೇನೂ ನಿಲ್ಲಲಿಲ್ಲ. ಮೊದಲಿನ ಸಲಿಗೆ ಮಾತ್ರ ಬರಲಿಲ್ಲ.

ಮಳೆಗಾಲದ ಹೊತ್ತಿಗೆ ಹೊಸ ಮರಿಗಳು ಬಂದವು. ಈ ಸಲ ಪುಟ್ಟ ಕಡಿಮೆ ಬಿಟ್ಟ. ಅಂಗಡಿಯವನು ಕರೆದ, ಕೆಲಸಕ್ಕೂ ಹೋಗತೊಡಗಿದ. ಪಾಲಕ್ ಮತ್ತೆ ಹಸಿರಿಗೆ ತಿರುಗಿತು. ಹೊರಗಿನವರು ನೋಡಿದರೆ ಎಲ್ಲ ಸರಿಹೋಯಿತು ಅನ್ನಬೇಕು. ಆದರೆ ಆ ವಾಲ್ವು ಅವನ ತಲೆಯಲ್ಲಿ ಕೂತೇ ಇತ್ತು. ಕೆಲವು ದಿನ ಅದನ್ನು ಮುಚ್ಚಿದ ಹಾಗೆ ನೆನಪಾಗುತ್ತಿತ್ತು, ಅದನ್ನು ತಿರುಗಿಸುವ ಚಕ್ರದ ಬಿಸಿ ಅಂಗೈಗೆ ತಾಕಿದ್ದು ಸಮೇತ. ಕೆಲವು ದಿನ, ಮುಚ್ಚದೆ ನಡೆದದ್ದು ಅಷ್ಟೇ ಸ್ಪಷ್ಟವಾಗಿ. ಯಾವುದನ್ನು ನಂಬುವುದೆಂದು ಹೇಳುವವರು ಯಾರೂ ಇರಲಿಲ್ಲ.

ಬೆಳಿಗ್ಗೆ ಕೆಲಸಕ್ಕೆ ಹೊರಟವನು ಬೀದಿಯ ತಿರುವಿನಿಂದ ವಾಪಸು ಬರುತ್ತಾನೆ. ನೀರು ಬೀಳುವ ಸದ್ದು ಗೇಟಿನವರೆಗೂ ಕೇಳುತ್ತಿರುತ್ತದೆ, ಆದರೂ ಒಳಗೆ ಬಂದು ಅಡುಗೆಮನೆಯ ಸ್ವಿಚ್ಚಿನ ಮುಂದೆ ನಿಲ್ಲುತ್ತಾನೆ. "ಹಾಕಿದೆ ಕಣೋ, ನಾನಿದ್ದೀನಲ್ಲ, ಹೋಗು," ಅಂತ ಅಕ್ಕನ ನಾಲಿಗೆ ತುದಿಗೆ ಬರುತ್ತದೆ. ಅವಳು ಅನ್ನುವುದಿಲ್ಲ. ಒಲೆಯ ಮುಂದಿಂದ ಸ್ವಲ್ಪ ಸರಿದು ದಾರಿ ಬಿಡುತ್ತಾಳೆ, ಅವನು ನೋಡುವಷ್ಟು ಹೊತ್ತು ನೋಡಿಕೊಳ್ಳಲಿ ಎಂದು.