ನೋಡದೆ ಎಳೆದ ಗೆರೆ

‘ಗಾರ್ಸಾ’ ದೋಣಿ ಹೊರಟಿತೆಂಬ ಸಂದೇಶ ಬಂದಾಗ ಸುಧಾಮಣಿ ಹರವೆ ಊರಿನಲ್ಲಿ, ತಂಗಿ ನಯನಾಳ ನಿಶ್ಚಿತಾರ್ಥದ ಕೊನೆಯ ಪಂಕ್ತಿಗೆ ಪಾಯಸ ಬಡಿಸುತ್ತಿದ್ದಳು. ಸೌಟನ್ನು ಪಾತ್ರೆಗೆ ಇಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಮೊಬೈಲ್ ತೆರೆದಳು.

“ನಿಮ್ಮ ಗೆರೆ ಸಿಕ್ಕಿತು. ಅಲೆ ನಮ್ಮನ್ನು ದಾಟಿ ಮುಂದೆ ಹೋಗಿದೆ. ಲಂಗರು ಎತ್ತಿದೆವು, ನಾನು ಮತ್ತು ನನ್ನ ಹೆಂಡತಿ. ಹಾರುವ ಮೀನುಗಳ ಲೆಕ್ಕ ನಾಳೆಯಿಂದ.”

ಪಂಕ್ತಿಯ ತುದಿಯಲ್ಲಿದ್ದ ಹಿರಿಯರೊಬ್ಬರು ಎಲೆಯ ಮೇಲೆ ಬೆರಳಾಡಿಸಿದರು. “ಪಾಯ್ಸ ಇತ್ಲಾಗೂ ಬರ್ಲಿ ಕಣವ್ವ, ಫೋನು ಎಲ್ಗೂ ಓಗಕಿಲ್ಲ.” ಅಕ್ಕಪಕ್ಕದವರು ನಕ್ಕರು. ಸುಧಾಮಣಿಯೂ ನಕ್ಕಳು. ಸೌಟು ಎತ್ತಿಕೊಂಡು ಅತ್ತ ನಡೆದಳು. ಆದರೆ ಆ ಗೆರೆಯನ್ನು ಅವಳು ನೋಡಿ ಎಳೆದಿರಲಿಲ್ಲ.

ಚಾಮರಾಜನಗರದ ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ಮೂರು ಮೇಜುಗಳ ಒಂದು ಪುಟ್ಟ ಕಚೇರಿ. ದೂರದ ಅಟ್ಲಾಂಟಿಕ್ ಸಾಗರದಲ್ಲಿ ತೇಲುವ ಸಣ್ಣ ಹಾಯಿದೋಣಿಗಳಿಗೆ ಅಲ್ಲಿಂದ ಹವಾಮಾನದ ಸಂದೇಶಗಳು ಹೋಗುತ್ತಿದ್ದವು. ದೊಡ್ಡ ದೇಶಗಳ ಕೇಂದ್ರಗಳು ಪುಟಗಟ್ಟಲೆ ಬರೆಯುತ್ತವೆ. ಆದರೆ ನಡುನೀರಿನಲ್ಲಿರುವ ದೋಣಿಯ ಉಪಗ್ರಹ ಯಂತ್ರಕ್ಕೆ ನೂರರವತ್ತು ಅಕ್ಷರಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಆ ನೂರರವತ್ತು ಅಕ್ಷರಗಳನ್ನು ಬರೆಯುವುದೇ ಸುಧಾಮಣಿಯ ಉದ್ಯೋಗ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವಳು ನಾಲ್ಕು ವರ್ಷಗಳಿಂದ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು.

ಜೂನ್ ಹುಟ್ಟಿತೆಂದರೆ ಆಫ್ರಿಕಾದ ನೆಲದಿಂದ ಮೂರು ನಾಲ್ಕು ದಿನಗಳಿಗೊಮ್ಮೆ ಗಾಳಿಯ ಒಂದೊಂದು ಅಲೆ ಸಾಗರಕ್ಕೆ ಇಳಿಯುತ್ತದೆ. ಹಗ್ಗದ ಮೇಲೆ ಒಣಗುವ ಸೀರೆಯೊಳಗೆ ಗಾಳಿ ಓಡಿದಂತೆ ಪಶ್ಚಿಮಕ್ಕೆ ಓಡುತ್ತದೆ. ಬಹುಪಾಲು ಅಲೆಗಳು ದಾರಿಯಲ್ಲೇ ಸಾಯುತ್ತವೆ. ಅಪರೂಪಕ್ಕೊಂದು ನಿಂತು, ತನ್ನ ಸುತ್ತ ತಾನೇ ತಿರುಗಿ, ಚಂಡಮಾರುತವಾಗುತ್ತದೆ. ಆದ್ದರಿಂದ ಸಣ್ಣ ದೋಣಿಯವರು ಒಂದು ಅಲೆ ದಾಟಿಹೋಗುವುದನ್ನು ಕಾದು, ಅದರ ಬೆನ್ನಿಗೆ ಹೊರಡುತ್ತಾರೆ. ಅಲೆ ದೋಣಿಗಿಂತ ಮೂರು ಪಟ್ಟು ವೇಗವಾಗಿ ದೂರವಾಗುತ್ತದೆ; ಮುಂದಿನದು ಬರುವಷ್ಟರಲ್ಲಿ ಕೆಲವು ದಿನಗಳ ನೆಮ್ಮದಿ ಸಿಕ್ಕಿರುತ್ತದೆ. ಇವತ್ತು ಅಲೆ ಎಲ್ಲಿದೆ? ಅವರಿಗೆ ಬೇಕಾದದ್ದು ಇದೊಂದೇ. ನಕ್ಷೆಯ ಮೇಲಿನ ಒಂದು ಗೆರೆಯೇ ಅದಕ್ಕೆ ಉತ್ತರ.

ಗಾರ್ಸಾದ ಯಜಮಾನ ಪೋರ್ಚುಗಲ್ಲಿನ ನಿವೃತ್ತ ಬಡಗಿ. ಸುಧಾಮಣಿಯ ಸಂದೇಶಗಳನ್ನೇ ನಂಬಿ ಮೇ ತಿಂಗಳಲ್ಲಿ ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡೆ ದ್ವೀಪಗಳನ್ನು ಮುಟ್ಟಿ, ಸಾಗರ ದಾಟಲು ಅಲ್ಲಿನ ಬಂದರಿನಲ್ಲಿ ಕಾದಿದ್ದ. ಪ್ರತಿ ಸಂದೇಶದ ಕೊನೆಯಲ್ಲಿ, ಆ ದಿನ ತನ್ನ ಡೆಕ್ಕಿನ ಮೇಲೆ ಬಂದು ಬಿದ್ದ ಹಾರುವ ಮೀನುಗಳೆಷ್ಟೆಂದು ಬರೆಯುತ್ತಿದ್ದ. ಎಂಟು. ಮೂರು. ಒಮ್ಮೆ ಹದಿನೇಳು. ಮುಖ ಕಾಣದ ಆ ಮನುಷ್ಯ ಅವಳಿಗೆ ನೆಂಟನಂತಾಗಿದ್ದ.

ಮಂಗಳವಾರ ಸಂಜೆ ಅವಳು ಅಲೆಯನ್ನು ಕಣ್ಣಾರೆ ಕಂಡಿದ್ದಳು: ಇಪ್ಪತ್ತೊಂದನೆಯ ಪಶ್ಚಿಮ ರೇಖಾಂಶ. ಅಲೆ ಪಶ್ಚಿಮಕ್ಕೆ ಸರಿದಂತೆ ಈ ಅಂಕಿ ಏರುತ್ತದೆ. ಬುಧವಾರ ನಿಶ್ಚಿತಾರ್ಥ. ಸಹೋದ್ಯೋಗಿ ಮಹದೇವಪ್ರಸಾದ್ ರಜೆಯಲ್ಲಿದ್ದುದರಿಂದ ಮಧ್ಯಾಹ್ನದ ಮತ್ತು ಸಂಜೆಯ ಗೆರೆಗಳೆರಡನ್ನೂ ಹರವೆಯಿಂದಲೇ ಎಳೆಯುವುದಾಗಿ ಅವಳು ಒಪ್ಪಿಕೊಂಡಿದ್ದಳು. ಹನ್ನೊಂದೂವರೆಗೆ ಬೀಗರು ತಟ್ಟೆ ಹಿಡಿದು ಒಳಗೆ ಬಂದರು. ಮೊಬೈಲಿನಲ್ಲಿ ಉಪಗ್ರಹದ ಚಿತ್ರ ಅರ್ಧ ತೆರೆದು ನಿಂತಿತ್ತು. ತಾರಸಿಗೆ ಹೋದರೆ ಸಿಗ್ನಲ್ ಸಿಗುತ್ತಿತ್ತು, ಮೆಟ್ಟಿಲು ಹದಿನಾಲ್ಕು. ಚಿತ್ರ ಸ್ಪಷ್ಟವಿಲ್ಲದಾಗ ಅಲೆಯನ್ನು ಅದರ ವಾಡಿಕೆಯ ವೇಗದಂತೆ ಪಶ್ಚಿಮಕ್ಕೆ ಸರಿಸುವ ಪದ್ಧತಿ ಈ ಕೆಲಸದಲ್ಲಿ ಉಂಟು. ನೋಡಿಯೂ ಕಾಣದಿದ್ದಾಗ ಮಾತ್ರ. ಸುಧಾಮಣಿ ನೋಡುವ ಮೊದಲೇ ಸರಿಸಿದಳು, ಗಾರ್ಸಾ ನಿಂತಿದ್ದ ಬಂದರಿನಿಂದಾಚೆಗೆ. ಇಪ್ಪತ್ತೈದು.

ತಂದೆ ಮರಿಮಲ್ಲಪ್ಪ ಪಕ್ಕದಲ್ಲೇ ಕೂತಿದ್ದರು. ಗುಂಡ್ಲುಪೇಟೆ ಮಾರುಕಟ್ಟೆಯಲ್ಲಿ, ಕೇರಳದ ಲಾರಿಗೆ ಏರುವ ಮುನ್ನ ಈರುಳ್ಳಿ ಮೂಟೆಗಳನ್ನು ಪರೀಕ್ಷಿಸುವುದು ಅವರ ಕೆಲಸ. ಮೂಟೆಯ ಬಾಯಿ ನೋಡಿ ಬಿಡುವವರಲ್ಲ. ಮೊಣಕೈವರೆಗೆ ಕೈ ತೂರಿಸಿ ನಡುವಿನದನ್ನು ಎಳೆದು ನೋಡುವವರು.

“ಆಗೋಯ್ತೇನವ್ವ, ಇಷ್ಟ್ ಬಿರ್ನೆ?”

“ಆಯ್ತು ಕಣಪ್ಪ.”

“ನೋಡ್ದಾ?”

“ನೋಡ್ದೆ.”

ಅವರು ಮಗಳ ಮುಖವನ್ನು ಒಂದು ಕ್ಷಣ ದಿಟ್ಟಿಸಿ, ಬೀಗರ ಕಡೆ ತಿರುಗಿದರು. ಸಂಜೆಯ ಗೆರೆಯನ್ನು ಅವಳು ಬಾಡಿಗೆ ಪಾತ್ರೆಗಳನ್ನು ಎಣಿಸಿ ಹಿಂದಿರುಗಿಸುವ ಗದ್ದಲದ ನಡುವೆ ಎಳೆದಳು. ಇಪ್ಪತ್ತೇಳು.

ಗುರುವಾರ ಕಚೇರಿಗೆ ಬಂದವಳೇ ಅಲೆ ಈಗ ಇರಬೇಕಾದ ಜಾಗವನ್ನು ತೆರೆದಳು. ಮೂವತ್ತನೆಯ ರೇಖಾಂಶದಲ್ಲಿ ಮೋಡದ ಚೂರೂ ಇರಲಿಲ್ಲ. ಮರುಭೂಮಿಯಿಂದ ಹಾರಿಬಂದ ಧೂಳಷ್ಟೇ ತೆಳುವಾಗಿ ಹಬ್ಬಿತ್ತು. ಅಲೆ ಸತ್ತಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಮಧ್ಯಾಹ್ನದ ಸಂದೇಶವನ್ನು ತಡೆದಳು. ನಮ್ಮ ಒಂದೂವರೆ ಗಂಟೆ ಹೊತ್ತಿಗೆ ಅಲ್ಲಿ ಬೆಳಗಾಗುತ್ತದೆ, ಆಗ ಚಿತ್ರ ತಿಳಿಯಾಗುತ್ತದೆ.

ಬೆಳಕು ಹರಿಯಿತು. ಅವಳು ನಕ್ಷೆಯನ್ನು ಪೂರ್ವಕ್ಕೆ, ಇನ್ನೂ ಪೂರ್ವಕ್ಕೆ ಎಳೆಯುತ್ತ ಹೋದಳು. ಇಪ್ಪತ್ತಮೂರರಲ್ಲಿ ಕೈ ನಿಂತಿತು.

ಅಲೆ ಅಲ್ಲಿತ್ತು. ಮುಂದೆ ಓಡಿರಲಿಲ್ಲ. ಕೆಳಮೋಡಗಳು ಗ್ರೈಂಡರಿನ ಹಿಟ್ಟಿನಂತೆ ಒಂದು ನಡುವಿನ ಸುತ್ತ ನಿಧಾನವಾಗಿ ತಿರುಗುತ್ತಿದ್ದವು.

ಬುಧವಾರದ ಚಿತ್ರಗಳನ್ನು ತೆರೆದಳು. ಎಲ್ಲವೂ ಅಲ್ಲೇ ಇದ್ದವು. ನಿನ್ನೆ ಹನ್ನೊಂದೂವರೆಯ ಚಿತ್ರದಲ್ಲಿ, ಇಪ್ಪತ್ತೆರಡರ ಹತ್ತಿರ, ಅಲೆ ನಿಧಾನವಾಗಿರುವುದು ಹೊಸದಾಗಿ ಕಲಿಯುವವರಿಗೂ ಕಾಣುವಂತಿತ್ತು. ಹದಿನಾಲ್ಕು ಮೆಟ್ಟಿಲು ಹತ್ತಿದ್ದರೆ ಅವಳಿಗೂ ಕಾಣುತ್ತಿತ್ತು.

ಗಾರ್ಸಾ ಬಂದರಿನಿಂದ ನೂರಹದಿನೈದು ಮೈಲಿ ಪಶ್ಚಿಮಕ್ಕೆ ಬಂದಿತ್ತು. ಸುಳಿ ಅದರ ಬೆನ್ನ ಹಿಂದೆ, ಆಗ್ನೇಯದಲ್ಲಿ. ಬಲಿತ ಮೇಲೆ ತನ್ನ ವಾಡಿಕೆಯ ವೇಗ ಹಿಡಿದು ಅದೇ ದಾರಿಗೆ ಏರಿಬರಲಿತ್ತು. ಹಿಂದಿರುಗಬೇಕೆಂದರೆ ಗಾಳಿಗೆ ಎದುರಾಗಿ ಒಂದು ಹಗಲು, ಒಂದು ರಾತ್ರಿಗೂ ಮೀರಿದ ಪ್ರಯಾಣ. ಕಳೆದ ಪ್ರತಿ ಗಂಟೆಗೂ ಬಂದರು ಐದು ಮೈಲಿ ದೂರವಾಗುತ್ತಿತ್ತು. ಅವಳು ಬರೆದಳು: “ಅಲೆ 23ರಲ್ಲಿದೆ, ಸುಳಿಯಾಗುತ್ತಿದೆ. ಬಂದರಿಗೆ ಹಿಂದಿರುಗಿ.”

ಇಪ್ಪತ್ತು ನಿಮಿಷಗಳಲ್ಲಿ ಉತ್ತರ ಬಂತು. “ನಿನ್ನೆ 25, 27 ಎಂದಿರಿ. ಅಲೆ ಹಿಂದಕ್ಕೆ ನಡೆಯುವುದಿಲ್ಲ. ಇದು ಬೇರೆ ಅಲೆಯೇ? ಹಾಗಿದ್ದರೆ ಇನ್ನೂ ಎಳೆಯದು, ಸಮಯವಿದೆ. ದಕ್ಷಿಣಕ್ಕೆ ಸರಿದುಕೊಳ್ಳುತ್ತೇನೆ.”

ದಕ್ಷಿಣಕ್ಕೆ ಸರಿದರೆ ಅವನು ನೇರ ಸುಳಿಯ ದಾರಿಗೇ ಇಳಿಯುತ್ತಿದ್ದ.

ಮಹದೇವಪ್ರಸಾದ್ ಅವಳ ಹಿಂದೆ ಬಂದು ನಿಂತು ಪರದೆಯನ್ನು ಓದಿದ. ಕೆಟ್ಟವನಲ್ಲ, ಎರಡು ಮಕ್ಕಳ ತಂದೆ, ಈ ಕೆಲಸ ಬಿಟ್ಟರೆ ಊರಿನಲ್ಲಿ ಬೇರೆ ಕೆಲಸವಿಲ್ಲವೆಂದು ಬಲ್ಲವನು.

“ಹೊಸ ಮಾಹಿತಿಯಂತೆ ಸ್ಥಾನ ಪರಿಷ್ಕರಿಸಲಾಗಿದೆ ಅಂತ ಹಾಕ್ಬುಡಿ ಮೇಡಂ. ಎಲ್ಲರೂ ಬರಿಯೋದೇ ಅದು. ಸುಳ್ಳೂ ಅಲ್ಲ.”

“ನಾನು ನಿನ್ನೆ ಚಿತ್ರ ತೆಗೀಲೇ ಇಲ್ಲ ಪ್ರಸಾದ್.”

“ಅದು ನಿಮ್ಗೆ ಗೊತ್ತು, ಈಗ ನಂಗೆ ಗೊತ್ತು. ಸಮುದ್ರದಲ್ಲಿರೋನಿಗ್ಯಾಕೆ ಮೇಡಂ?”

ಅವಳು ಆ ವಾಕ್ಯವನ್ನೇ ಬರೆದು ಕಳುಹಿಸಿದಳು. ಬೆರಳು ಒತ್ತಿದ ಮೇಲೆ ಒಂದು ಬಗೆಯ ಹಗುರವೂ ಆಯಿತು. ಆ ಹಗುರವನ್ನು ಅವಳು ಮುಂದೆ ಎಂದಿಗೂ ಕ್ಷಮಿಸಿಕೊಳ್ಳಲಾರಳು.

ಗಂಟೆಗೊಮ್ಮೆ ದೋಣಿಯ ಸ್ಥಾನ ಕೆಂಪು ಚುಕ್ಕಿಯಾಗಿ ನಕ್ಷೆಯ ಮೇಲೆ ಮೂಡುತ್ತಿತ್ತು. ಮೂರೂವರೆಯ ಚುಕ್ಕಿ ಹಳೆಯ ದಾರಿಯಲ್ಲೇ ಇತ್ತು. ನಾಲ್ಕೂವರೆಯ ಚುಕ್ಕಿ ದಕ್ಷಿಣಕ್ಕೆ ತಿರುಗಿತ್ತು.

ಆಗ ಅವಳಿಗೆ ಆ ಬಡಗಿಯ ಲೆಕ್ಕ ಪೂರ್ತಿ ಅರ್ಥವಾಯಿತು. ಅವನು ಅವಳ ಮೂರು ಗೆರೆಗಳನ್ನೂ ಕಾಗದದ ನಕ್ಷೆಯ ಮೇಲೆ ಎಳೆದುಕೊಂಡಿರುತ್ತಾನೆ. ಇಪ್ಪತ್ತೊಂದು, ಇಪ್ಪತ್ತೈದು, ಇಪ್ಪತ್ತೇಳು. ಅವು ನಿಜವೆಂದು ನಂಬಿದವನಿಗೆ ಇಪ್ಪತ್ತಮೂರು ಎಂಬುದು ಇನ್ನೊಂದು, ಎಳೆಯ, ಬಲವಿಲ್ಲದ ಅಲೆ. ಆ ಎರಡು ಗೆರೆಗಳನ್ನು ಅವನ ನಕ್ಷೆಯಿಂದ ಅಳಿಸದೆ ಅವನು ಹಿಂದಿರುಗುವುದಿಲ್ಲ. ಅಳಿಸಬಲ್ಲ ಮಾತು ಒಂದೇ ಇತ್ತು.

ಬರೆದಳು. “25, 27 ಸುಳ್ಳು. ನಿನ್ನೆ ನಾನು ಚಿತ್ರ ನೋಡದೆ ಆ ಗೆರೆ ಎಳೆದೆ. ಅಲೆ ಒಂದೇ, ಹಳೆಯದು, ಬಲಿಯುತ್ತಿದೆ. ದಕ್ಷಿಣ ಬೇಡ. ಈಗಲೇ ಹಿಂದಿರುಗಿ. ಸುಧಾಮಣಿ.”

ಮಹದೇವಪ್ರಸಾದ್ ಕುರ್ಚಿಯಿಂದ ಎದ್ದ. “ಮೇಡಂ, ಅದು ಸರ್‌ಗೂ ಕಾಪಿ ಹೋಗ್ತದೆ.”

“ಹೋಗ್ಲಿ.”

ಹತ್ತು ನಿಮಿಷಗಳಲ್ಲಿ ಮೈಸೂರಿನಿಂದ ಮಾಲೀಕ ಮಲ್ಲಿಕಾರ್ಜುನಸ್ವಾಮಿಯವರ ಕರೆ ಬಂತು. ಅವರು ದನಿ ಏರಿಸಲಿಲ್ಲ. “ಸುಧಾಮಣಿಯವರೇ, ಗಿರಾಕಿಗೆ ‘ನೋಡ್ಲಿಲ್ಲ’ ಅಂತ ಬರೆದು ಕೊಟ್ಟೋರನ್ನ ನಾನು ಇದುವರೆಗೂ ಕಂಡಿಲ್ಲ. ಅವನಿಗೇನಾದ್ರೂ ಆದ್ರೆ ಅದೇ ನಾಲ್ಕು ಸಾಲು ಹಿಡ್ಕೊಂಡು ನಮ್ಮ ಬಾಗಿಲಿಗೆ ಬರ್ತಾರೆ.”

“ಅವರಿಗೇನೂ ಆಗ್ಬಾರ್ದು ಅಂತಾನೇ ಬರೆದೆ ಸರ್.”

“ತಿರುಗಿದ್ನಾ?”

“ಇನ್ನೂ ಇಲ್ಲ.”

“ತಿರುಗಿದ ಮೇಲೆ ಫೋನ್ ಮಾಡಿ. ಮಿಕ್ಕಿದ್ದು ಆಮೇಲೆ.”

ಐದೂವರೆಯ ಚುಕ್ಕಿ ಇನ್ನಷ್ಟು ದಕ್ಷಿಣದಲ್ಲಿತ್ತು. ಕೆಳಗಿನ ಅಂಗಡಿಯಿಂದ ಅರಿಶಿನದ ಘಾಟು ಮೇಲೇರುತ್ತಿತ್ತು. ಗುಂಡ್ಲುಪೇಟೆಯ ಬಸ್ಸು ಹೊರಟುಹೋಯಿತು. ಅದರ ಹಿಂದಿನದೂ ಹೋಯಿತು. ಸಂದೇಶ ತಲುಪಿದೆಯೋ, ತಲುಪಿಯೂ ಅವನು ನಂಬಲಿಲ್ಲವೋ? ಎರಡು ಗೆರೆಗಳ ವಿಷಯದಲ್ಲಿ ಸುಳ್ಳು ಹೇಳಿದವಳ ಮೂರನೆಯ ಮಾತನ್ನು ಯಾರಾದರೂ ಏಕೆ ನಂಬಬೇಕು?

ಆರೂವರೆಗೆ ಪರದೆ ಮಿನುಗಿತು. ಚುಕ್ಕಿ ಈಶಾನ್ಯಕ್ಕೆ ತಿರುಗಿತ್ತು.

ಮಹದೇವಪ್ರಸಾದ್ ತನ್ನ ಬಾಟಲಿಯ ನೀರನ್ನು ಅವಳ ಮುಂದಿಟ್ಟ. ಅವಳು ಮೈಸೂರಿಗೆ ಫೋನ್ ಮಾಡಿದಳು.

ಶುಕ್ರವಾರವಿಡೀ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡಂತೆ ಮೂಡಿದವು. ಎದುರುಗಾಳಿಗೆ ದೋಣಿ ತೆವಳುತ್ತಿತ್ತು. ಶನಿವಾರ ಬೆಳಿಗ್ಗೆ ತೆರಕಣಾಂಬಿ ದಾಟುವಾಗ, ಬಸ್ಸಿನಲ್ಲಿ ಸಂದೇಶ ಬಂತು.

“ಒಳಗೆ ಬಂದೆವು. ಬಂದರಿನ ಬಾಯಲ್ಲಿ ಕತ್ತಲಾಯಿತು. ಹಾಯಿ ಹರಿಯಿತು. ಹೆಂಡತಿಯ ಮಣಿಕಟ್ಟು ಮುರಿದಿದೆ. ಎರಡು ಗಂಟೆ ಮೊದಲು ಹೇಳಿದ್ದರೆ ಬೆಳಕಿರುತ್ತಿತ್ತು.”

ಎರಡು ಗಂಟೆ. ಅವನಿಗೆ ಅದು ಬರಿಯ ಅಂದಾಜು. ಆ ಎರಡು ಗಂಟೆಗಳಲ್ಲಿ ಏನಾಗಿತ್ತೆಂದು ಅವಳಿಗೆ ಗೊತ್ತಿತ್ತು. ಪರಿಷ್ಕರಿಸಲಾಗಿದೆ ಎಂದು ಬರೆದು ಹಗುರವಾಗಿ ಕೂತಿದ್ದ ಹೊತ್ತು ಅದು.

ಆ ಸುಳಿಗೆ ಹೆಸರಿಡುವಷ್ಟು ಬಲವೂ ಬರಲಿಲ್ಲ. ಎರಡು ದಿನ ಗುಡುಗಿ ಅಳಿಸಿಹೋಯಿತು. ದೊಡ್ಡ ಹಡಗುಗಳಿಗೆ ಅದರ ಸುದ್ದಿಯೇ ಬೇಕಿರಲಿಲ್ಲ.

ಭಾನುವಾರ ಅವಳು ಮಾರುಕಟ್ಟೆಗೆ ಹೋದಳು. ಮರಿಮಲ್ಲಪ್ಪನವರ ತೋಳು ಮೂಟೆಯೊಳಗಿತ್ತು.

“ಅವತ್ತು ನೋಡಿರ್ನಿಲ್ಲ ಕಣಪ್ಪ. ನಿಂಗೆ ಸುಳ್ಳೇಳ್ದೆ.”

ಅವರು ನಡುವಿನಿಂದ ಒಂದು ಈರುಳ್ಳಿ ಎಳೆದು, ಹೆಬ್ಬೆರಳಿನಿಂದ ಅದರ ಬುಡವನ್ನು ಒತ್ತಿ ನೋಡಿದರು. “ಗೊತ್ತಿತ್ತು. ಒಂದ್ ಮೂಟೆ ನೋಡಕೇ ಅದ್ಕಿಂತ ಒತ್ತಾಯ್ತದೆ.”

“ಮತ್ಯಾಕೆ ಸುಮ್ನಾದೆ?”

“ಬೀಗರು ಮುಂದ್ಗಡೆ ಕುಂತಿದ್ರಲ್ಲವ್ವ.” ಈರುಳ್ಳಿಯನ್ನು ಮೂಟೆಗೆ ಹಾಕಿ ಕೇಳಿದರು. “ನೆನ್ನೆ ಏಳಿದ್ಯಲ್ಲ, ಆ ದೋಣಿ ಯಮ್ಮನ ಕೈ ಎಂಗದೆ?”

“ಪಟ್ಟಿ ಕಟ್ಟವ್ರಂತೆ. ಆರು ವಾರ.”

ಅವರು ಮುಂದಿನ ಮೂಟೆಗೆ ಕೈ ಹಾಕಿದರು. ಸುಧಾಮಣಿ ಪಕ್ಕದಲ್ಲೇ ಬಹಳ ಹೊತ್ತು ನಿಂತಿದ್ದಳು.

ಮಲ್ಲಿಕಾರ್ಜುನಸ್ವಾಮಿಯವರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಗಾರ್ಸಾದ ಯಜಮಾನ ಚಂದಾ ಬಿಟ್ಟಿರಲಿಲ್ಲ, ದೂರೂ ಕೊಟ್ಟಿರಲಿಲ್ಲ. ದೋಣಿ ಬಂದರಿನಲ್ಲೇ ನಿಂತಿತ್ತು. ಆದರೂ ಅವಳು ಗೆರೆ ಕಳುಹಿಸಿದ ಕೂಡಲೇ, ದಿನಕ್ಕೆ ಎರಡು ಬಾರಿ, ಅಲ್ಲಿಂದ ಒಂದೇ ಪದ ಬರತೊಡಗಿತು.

“ನೋಡಿದಿರಾ?”

ಅವಳು ಮತ್ತೊಮ್ಮೆ ಚಿತ್ರ ತೆರೆದು, ನೋಡಿ, “ನೋಡಿದೆ” ಎಂದು ಬರೆಯುತ್ತಿದ್ದಳು. ಅಲ್ಲಿಗೆ ಮುಗಿಯುತ್ತಿತ್ತು. ಹಾರುವ ಮೀನುಗಳ ಮಾತು ಮತ್ತೆ ಬರಲಿಲ್ಲ.

ಜೂನ್ ಕೊನೆಯ ವಾರ, ಒಂದು ಮಧ್ಯಾಹ್ನ ಉಪಗ್ರಹದ ಚಿತ್ರಗಳು ನಿಂತುಹೋದವು. ತಾಂತ್ರಿಕ ದೋಷ, ಸಂಜೆಯವರೆಗೆ ಕಾಯಿರಿ ಎಂದಿತ್ತು ಪರದೆ. ಆಫ್ರಿಕಾದಿಂದ ಹೊಸ ಅಲೆಯೊಂದು ಆಗಷ್ಟೇ ನೀರಿಗಿಳಿದಿತ್ತು. ಪದ್ಧತಿಯಂತೆ ಅವಳು ಅದನ್ನು ಪಶ್ಚಿಮಕ್ಕೆ ಸರಿಸಿ ಕಳುಹಿಸಿದಳು. ಪದ್ಧತಿ ಅದನ್ನು ಒಪ್ಪುತ್ತಿತ್ತು, ಮಾಲೀಕರೂ ಒಪ್ಪಿದ್ದರು.

“ನೋಡಿದಿರಾ?”

ಮಹದೇವಪ್ರಸಾದ್ ತಲೆ ಎತ್ತಿ ಅವಳನ್ನೇ ನೋಡಿದ.

“ಇಲ್ಲ,” ಎಂದು ಸುಧಾಮಣಿ ಬರೆದಳು. ಕಳುಹಿಸಿದ ಮೇಲೆ ಹಗುರವೇನೂ ಆಗಲಿಲ್ಲ.

ಸ್ವಲ್ಪ ಹೊತ್ತಿಗೆ, ಆ ಪ್ರಶ್ನೆ ಶುರುವಾದ ಮೇಲೆ ಮೊದಲ ಬಾರಿಗೆ, ಬೇರೊಂದು ಪದ ಬಂತು.

“ಸರಿ.”

ಅವಳು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, ಚಿತ್ರ ಮರಳುವುದನ್ನು ಕಾಯುತ್ತ ಕುಳಿತಳು.