ಗೋಬರ್ ಗ್ಯಾಸಿನ ಬಾಣಂತನ

ಭಾರತೀನಗರದಲ್ಲಿ ಬಸ್ಸಿಳಿದು ನಡೆದು ಬಂದ ಚೂಡಾಮಣಿಯ ಮೂಗಿಗೆ ರೈತ ಪುಟ್ಟಮಾದಯ್ಯನ ಹಿತ್ತಿಲಿನಲ್ಲಿ ಮೊದಲು ಬಡಿದದ್ದು ಹುಳಿವಾಸನೆ. ಮಂಡ್ಯದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಆಕೆ, ಒಂದು ಮನೆಯ ದನಗಳ ಸಗಣಿಯಲ್ಲೇ ಆ ಮನೆಯ ಅಡುಗೆ ವರ್ಷವಿಡೀ ನಡೆದೀತೇ ಎಂದು ನೋಡಲು ಇಲ್ಲಿ ಗೋಬರ್ ಗ್ಯಾಸಿನ ತೊಟ್ಟಿ ಕಟ್ಟಿಸಿದ್ದಳು. ಸೋಮವಾರ ತೊಟ್ಟಿಗೆ ಹಣ ಕೊಟ್ಟ ಬೆಂಗಳೂರಿನ ಸಮಿತಿ ಅದನ್ನು ನೋಡಲು ಬರುವುದಿತ್ತು. ಒಲೆ ಉರಿದರೆ ಊರಿಗೆ ಇನ್ನಷ್ಟು ತೊಟ್ಟಿ. ಉರಿಯದಿದ್ದರೆ ಇದನ್ನೂ ಕಿತ್ತುಕೊಂಡು ಹೋಗುತ್ತಾರೆ.

"ನೋಡ್ರವ್ವ, ಗ್ಯಾಸ್ ತುಂಬಿ ತೊಟ್ಟಿ ಮೇಲಿನ ಡ್ರಮ್ಮು ಎಂಗೆ ಮೇಲೆದ್ದೈತೆ!" ಪುಟ್ಟಮಾದಯ್ಯ ಹಿಗ್ಗಿದ.

ಚೂಡಾಮಣಿ ತೊಟ್ಟಿಯ ಪಕ್ಕದ ಗ್ಯಾಸ್ ಒಲೆಯ ತಿರುಪು ತಿರುಗಿಸಿ ಕಡ್ಡಿ ಗೀರಿದಳು. ಕಡ್ಡಿಯೇ ಆರಿತು. ಇನ್ನೊಂದು ಗೀರಿದಳು. ಅದೂ ಆರಿತು.

"ಏನು ಹಾಕಿದ್ರಿ ಇದಕ್ಕೆ?"

"ಸಗಣಿ ಕಣವ್ವ. ಇನ್ನೇನು ಒಬ್ಬಟ್ಟು ಆಕ್ತಾರಾ?"

ಸೌದೆಯ ಹೊಗೆಯಲ್ಲಿ ಕೆಮ್ಮುತ್ತಿದ್ದ ಹೆಂಡತಿ ರೇವಮ್ಮ ಒಳಗಿನಿಂದಲೇ ಕೂಗಿದಳು: "ಆಲೆಮನೆ ಸುದ್ದಿನೂವೆ ಏಳಿ ಅತ್ಲಾಗೆ!"

"ಬೆಲ್ಲದ ಕೊಪ್ಪರಿಗೆ ತೊಳೆದ ನೀರು..." ಪುಟ್ಟಮಾದಯ್ಯ ಒಪ್ಪಿಕೊಂಡ. "ದಿನಾ ಎರಡು ಬಿಂದಿಗೆ. ಕರ ಆಕಿದ ಅಸೂಗೆ ಬೆಲ್ಲ ತಿನ್ಸಾಕಿಲ್ವಾ, ಆಲು ಜಾಸ್ತಿ ಆಗ್ಲಿ ಅಂತ? ಅಂಗೇಯ. ದೊಡ್ಡೋರು ಬತ್ತಾರೆ ಅಂದ್ರಲ್ಲ ನೀವು!"

ಚೂಡಾಮಣಿ ಕಲಗಚ್ಚಿನ ಬಾನಿಯ ಅಂಚಿನ ಮೇಲೆ ಕೂತಳು. "ಒಳಗೆ ಕಣ್ಣಿಗೆ ಕಾಣದ ಜೀವಗಳಿವೆ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ! ಸಿಹಿ ಹೆಚ್ಚಾಗಿ ಹುಳಿ ಬಂದು ಅವು ಸಾಯ್ತಿವೆ. ಈಗ ತುಂಬಿರೋದು ಉರಿಯೋ ಗ್ಯಾಸಲ್ಲ, ಉರಿ ಆರಿಸೋದು. ಸುಣ್ಣದ ನೀರು ಹಾಕಿ ಮೂರು ವಾರ ಬಿಡಬೇಕು. ಸಗಣಿನೂ ಹಾಕೋ ಹಾಗಿಲ್ಲ."

"ಮೂರು ವಾರ ಉಪ್ವಾಸವಾ? ಪಾಪ ಬತ್ತದೆ ಕಣವ್ವ. ಒಂಚೂರು ಗಂಜಿನಾದ್ರೂ..."

"ಗಂಜಿಯಾ!" ಆಕೆಯ ದನಿ ಬೀದಿಗೆ ಕೇಳಿಸಿತು.

ಪುಟ್ಟಮಾದಯ್ಯ ತಗ್ಗಿದ ದನಿಯಲ್ಲಿ, "ಸೋಮಾರ ಸೀಮೆಎಣ್ಣೆ ಸ್ಟವ್ ಅಚ್ಚಿ ತೋರ್ಸ್ಬುಡಾಣ. ಅವ್ರಿಗೇನು ಗೊತ್ತಾದದು?" ಅಂದ.

ಆ ಸಮಿತಿಯವರನ್ನು ಕರೆಸಲು ಅಲೆದ ಅಲೆದಾಟ ಚೂಡಾಮಣಿಗೇ ಗೊತ್ತು.

"ಬೇಡ. ಸುಳ್ಳು ಉರಿ ತೋರಿಸಿ ಊರಿಗೆಲ್ಲ ತೊಟ್ಟಿ ತಂದರೆ ಊರವರೆಲ್ಲ ಬೆಲ್ಲ ಸುರೀತಾರೆ. ಯಾಕೆ ಉರೀಲಿಲ್ಲ ಅಂತ ನಾನೇ ಹೇಳ್ತೀನಿ. ಕಿತ್ಕೊಂಡು ಹೋದ್ರೆ ಹೋಗಲಿ."

ರೇವಮ್ಮ ಹೊರಗೆ ಬಂದಳು. ಕಣ್ಣು ಕೆಂಪಗಾಗಿತ್ತು. ಗೋಡೆಗೆ ಒರಗಿದ್ದ ಒಗೆಯುವ ಕಲ್ಲನ್ನು ಎಳೆದು ತಂದು ತೊಟ್ಟಿಗೆ ಸಗಣಿ ಸುರಿಯುವ ಬಾಯಿಗೆ ಮುಚ್ಚಿ, ಅದರ ಮೇಲೆಯೇ ಕೂತಳು.

"ಬರ್ಲಿ ಬುಡವ್ವ. ನನ್ ಸೌದೆ ಒಲೆ ಮುಂದೆ ಒಂದ್ ಗಳಿಗೆ ಕೂರುಸ್ತೀನಿ, ಮುದ್ದೆ ಬೇಯಗಂಟ. ಆಮೇಲೂ ಕಿತ್ಕಂಡ್ ಓಗಂಗಿದ್ರೆ ಓಗ್ಲಿ."

ಪುಟ್ಟಮಾದಯ್ಯ ತಲೆ ಕೆರೆದುಕೊಂಡ. "ಸುಣ್ಣ ಎಷ್ಟು ಕಲಸ್ಲವ್ವ?"

"ನಾನೇ ಕಲಸ್ತೀನಿ. ನೀವು ದಯವಿಟ್ಟು ಏನೂ ಮುಟ್ಟಬೇಡಿ," ಎಂದು ಚೂಡಾಮಣಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.